ಪುಟವಿದೆ, ಚಿತ್ರವಿಲ್ಲ

ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ವಿದ್ಯಾರ್ಥಿಗಳು ಬಂದು ಕೇಳಿದಾಗ, ಶಿಸ್ತು, ಸಮಯಪಾಲನೆ, ಮಾತೃಭಾಷೆಯ ಮಹತ್ತ್ವ ಮೊದಲಾದ ವಿಷಯಗಳಲ್ಲಿ ಒಂದನ್ನು ನಾನು ಆರಿಸಿಕೊಳ್ಳುವೆನೆಂದು ಅವರು ಎಣಿಸಿದ್ದಿರಬೇಕು. ನಿವೃತ್ತ ಉಪಾಧ್ಯಾಯನಿಂದ ಮತ್ತೇನನ್ನು ತಾನೆ ನಿರೀಕ್ಷಿಸಲು ಸಾಧ್ಯ? ಆದರೆ ಈ ಬಾರಿ ನಾನು ಬರೆಯಹೊರಟಿರುವುದು ಒಂದು ಹರಿದ ಕಾಗದದ ಗುರುತಿನ ವಿಷಯವಾಗಿ. ಅಂತರಜಾಲದ ಪುಟವೊಂದನ್ನು ತೆರೆದಾಗ ಅಕ್ಷರಗಳೆಲ್ಲ ಯಥಾಸ್ಥಾನದಲ್ಲಿ ಬಂದು ನಿಂತಿದ್ದರೂ, ಭಾವಚಿತ್ರವಿರಬೇಕಾದ ಎಡೆಯಲ್ಲಿ ಮೂಲೆ ಹರಿದ ಚೀಟಿಯಂಥ ಪುಟ್ಟ ಗುರುತೊಂದು ಮಾತ್ರ ಕುಳಿತಿರುವುದನ್ನು ನೀವೆಲ್ಲರೂ ಒಂದಿಲ್ಲೊಂದು ಸಲ ಕಂಡೇ ಇದ್ದೀರಿ. ಕಂಡೊಡನೆ ಬೆರಳಿನಿಂದ ಪುಟವನ್ನು ಮೇಲಕ್ಕೆ ಸರಿಸಿ ಮುಂದೆ ಹೋಗುತ್ತೀರಿ. ನಾನೂ ಹಾಗೆಯೇ ಮಾಡುತ್ತಿದ್ದೆ. ಅದು ಸಲ್ಲದೆಂದು ನನಗೆ ಮನದಟ್ಟಾದುದು ಹೋದ ವರುಷ.

ನಾನು ವಾಸವಾಗಿರುವ ಕಾಮೋಠೆಯ ಕಟ್ಟಡದಲ್ಲಿ ಒಂಬತ್ತನೆಯ ತರಗತಿಯ ಕನ್ನಡ ಹುಡುಗಿಯೊಬ್ಬಳಿದ್ದಾಳೆ. ತನ್ನ ಶಾಲೆಯ ವಾರ್ಷಿಕೋತ್ಸವದ ನಾಟಕದಲ್ಲಿ ಅವಳು ಉಳ್ಳಾಲದ ರಾಣಿ ಅಬ್ಬಕ್ಕನ ಪಾತ್ರವನ್ನು ವಹಿಸಿದ್ದಳು. ಉತ್ಸವದ ವರದಿಯನ್ನೂ 31 ಭಾವಚಿತ್ರಗಳನ್ನೂ ಕೂಡಿಸಿ, ಹತ್ತನೆಯ ತರಗತಿಯ ಹುಡುಗನೊಬ್ಬನು ತಾನಾಗಿಯೇ ಮುಂದೆ ಬಂದು, ಅಂತರಜಾಲದಲ್ಲಿ ಶಾಲೆಗೊಂದು ಪುಟವನ್ನು ರಚಿಸಿದನು. ಕುಂದಾಪುರದ ಕಡೆಯ ಹಳ್ಳಿಯಲ್ಲಿರುವ ಅಜ್ಜಿಗೆ ಆ ಪುಟದ ವಿಳಾಸವನ್ನು ಕಳುಹಿಸಿದರು. ಪನವೇಲಿನಲ್ಲಿ ಮತ್ಸ್ಯಗಂಧಾ ರೈಲನ್ನು ಹತ್ತಿ ರಾತ್ರಿಯೆಲ್ಲ ಪ್ರಯಾಣ ಮಾಡಿದರಷ್ಟೇ ಮೊಮ್ಮಗಳ ಮುಖ ಕಾಣಲಾಗುವ ಆ ಮುದುಕಿಗೆ ಇದೊಂದು ಹಬ್ಬವೇ ಆಗಿತ್ತು. ಆಗಷ್ಟೇ ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು ಬೇರೆ. ಮರುದಿನ ಬೆಳಗ್ಗೆ ಅವರಿಂದ ಫೋನು ಬಂದಿತು. “ಎಂತ ಮಗಾ ಇದು? ಅಬ್ಬಕ್ಕನ ಹೆಸರು ಉಂಟು, ಪಟ ಇಲ್ಲ. ಕಾಗದ ಹರಿದ ಹಾಗೆ ಎಂತದೋ ಕಾಣ್ತದೆ. ನನ್ನ ಕಣ್ಣೇ ಸರಿ ಆಗಲಿಲ್ಲವೋ ಏನೋ!”

ತಪ್ಪು ತನ್ನ ಕಣ್ಣಿನದೆಂದು ಭಾವಿಸಿದವರು ಆ ಹಿರಿಯಾಕೆಯೊಬ್ಬರೇ. ಉಳಿದವರೆಲ್ಲ ಇತರರನ್ನು ದೂರಿದರು. ಹಳ್ಳಿಯಲ್ಲಿ ನೆಟ್‌ವರ್ಕ್ ಸರಿಯಿಲ್ಲವೆಂದು ಒಬ್ಬರು, ಹುಡುಗರ ಕೈಗೆ ಇಂಥ ಕೆಲಸವನ್ನು ಕೊಟ್ಟದ್ದೇ ತಪ್ಪೆಂದು ಇನ್ನೊಬ್ಬರು, ರಿಫ್ರೆಶ್ ಮಾಡುತ್ತಿದ್ದರೆ ಎಂದಾದರೊಮ್ಮೆ ಬಂದೀತೆಂದು ಮಗುದೊಬ್ಬರು. ಪುಟವನ್ನು ರಚಿಸಿದ ಹುಡುಗನಂತೂ ಅಳುವುದೊಂದೇ ಬಾಕಿ. “ಸರ್, ನನ್ನ ಲ್ಯಾಪ್‌ಟಾಪಿನಲ್ಲಿ ಚಿತ್ರಗಳು ಬರುತ್ತವೆ. ಬೇಕಾದರೆ ನೀವೇ ನೋಡಿ” ಎಂದು ಯಂತ್ರವನ್ನು ನನ್ನ ಮುಂದಿಟ್ಟನು. ನೋಡಿದೆ, ನಿಜವಾಗಿಯೂ ಬಂದಿದ್ದವು. ವಿಜ್ಞಾನವನ್ನು ಕಲಿಸಿದ ನನಗೂ ಇದರ ಮರ್ಮವನ್ನು ತಿಳಿಯಲು ಎರಡು ದಿನಗಳು ಹಿಡಿದವು. ತಿಳಿದ ಮೇಲೆ ನನಗೆ ಉಂಟಾದುದು ಸಂತೋಷವಲ್ಲ, ನಾಚಿಕೆ, ಅಷ್ಟು ಸರಳವಾಗಿತ್ತು.

ಮೊದಲು ತಿಳಿಯತಕ್ಕ ಸಂಗತಿ ಇದು: ಅಂತರಜಾಲದ ಪುಟದಲ್ಲಿ ಸಾಮಾನ್ಯವಾಗಿ ಚಿತ್ರವೇ ಇರುವುದಿಲ್ಲ. ನಿಮ್ಮ ಕೈಯಲ್ಲಿರುವ ಈ ಸಂಚಿಕೆಯನ್ನು ನೋಡಿ. ಅಕ್ಷರಗಳೂ ಚಿತ್ರಗಳೂ ಒಂದೇ ಕಾಗದದ ಮೇಲೆ ಒಂದೇ ಮಸಿಯಲ್ಲಿ ಮೂಡಿವೆ. ಹಿಂದಿನ ದಿನಗಳಲ್ಲಿ ಭಾವಚಿತ್ರವನ್ನು ಲೋಹದ ಬ್ಲಾಕು ಮಾಡಿಸಿ, ಅಚ್ಚುಮೊಳೆಗಳ ನಡುವೆ ಕೂರಿಸಿ ಮುದ್ರಿಸುತ್ತಿದ್ದರು. ಒಮ್ಮೆ ಅಚ್ಚಾಯಿತೆಂದರೆ ಹಾಳೆ ಹೋದಲ್ಲಿಗೆ ಚಿತ್ರವೂ ಹೋಗುತ್ತಿತ್ತು. ಅಂತರಜಾಲದ ಪುಟ ಹಾಗಲ್ಲ. ಅದರಲ್ಲಿರುವುದು “ಇಂಥ ಕಡೆಯಲ್ಲಿ ಇಂಥ ಹೆಸರಿನ ಚಿತ್ರವೊಂದಿದೆ, ಅದನ್ನು ತಂದು ಇಲ್ಲಿ ತೋರಿಸು” ಎಂಬ ಒಂದು ಸಾಲು ಮಾತ್ರ. ಓದುಗನ ಕೈಯಲ್ಲಿರುವ ಬ್ರೌಸರ್ ಆ ಸಾಲನ್ನು ಓದಿ, ಆ ವಿಳಾಸಕ್ಕೆ ಹೋಗಿ, ಚಿತ್ರವನ್ನು ಹೊತ್ತು ತಂದು ಸ್ಥಳದಲ್ಲಿ ಕೂರಿಸಬೇಕು. 31 ಚಿತ್ರಗಳಿದ್ದರೆ 31 ಸಲ ಈ ಅಲೆದಾಟ. ನಮಗೆ ಒಂದೇ ಕ್ಷಣದಲ್ಲಿ ಎಲ್ಲವೂ ಕಾಣುವುದರಿಂದ ಈ ಓಡಾಟದ ಅರಿವೇ ಆಗುವುದಿಲ್ಲ.

ಇದು ಮೊದಲಿನಿಂದ ಇದ್ದುದೂ ಅಲ್ಲ. ಜಿನೀವಾದ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ 1989ರಲ್ಲಿ ಯೋಚಿಸಿ 1991ರಲ್ಲಿ ಲೋಕದ ಮುಂದಿಟ್ಟ ಪುಟಗಳು ಬರಿಯ ಅಕ್ಷರಗಳವು. ಅಕ್ಷರಗಳ ನಡುವೆಯೇ ಚಿತ್ರವನ್ನು ತೋರಿಸುವ ಮೇಲ್ಕಂಡ ಆಜ್ಞೆಯನ್ನು ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿದ್ದ ಮಾರ್ಕ್ ಆಂಡ್ರೀಸನ್ ಎಂಬ ತರುಣನು 1993ರ ಫೆಬ್ರುವರಿಯಲ್ಲಿ ಸೂಚಿಸಿದನು; ಅದೇ ವರ್ಷ ಬಂದ ಮೊಸಾಯಿಕ್ ಎಂಬ ಬ್ರೌಸರಿನಲ್ಲಿ ಅದು ಕಾರ್ಯರೂಪಕ್ಕೆ ಬಂದಿತು. ಅಂದಿನಿಂದ ಇಂದಿನವರೆಗೆ ಅಸಂಖ್ಯ ಚಿತ್ರಗಳು ಕಾಣುತ್ತಿರುವುದೂ ಕಾಣದೆ ಹೋಗುತ್ತಿರುವುದೂ ಅದೇ ಒಂದು ಸಾಲಿನಿಂದ.

ಹೀಗಿರುವಲ್ಲಿ ಹರಿದ ಕಾಗದದ ಗುರುತಿನ ಅರ್ಥ ಸ್ಪಷ್ಟ. “ಹೋದೆ, ಆ ವಿಳಾಸದಲ್ಲಿ ಚಿತ್ರವು ದೊರೆಯಲಿಲ್ಲ” ಎಂದು ಅಂಚೆಯವನು ಹಿಂದಿರುಗಿ ಬಂದು ಹೇಳುತ್ತಿದ್ದಾನೆ, ಅಷ್ಟೆ. ಅಂಚೆಯವನನ್ನು ಬೈದು ಪ್ರಯೋಜನವೇನು? ಮೊದಲು ನೋಡಬೇಕಾದುದು ವಿಳಾಸವನ್ನು.

ವಿಳಾಸವೆಂದರೇನು ಎಂಬುದನ್ನು ನವಿ ಮುಂಬಯಿಯ ಮಕ್ಕಳಿಗೆ ನಾನು ಹೇಳಿಕೊಡಬೇಕಾಗಿಲ್ಲ. ಸಿಡ್ಕೋ ಸಂಸ್ಥೆಯವರು ಕಟ್ಟಿದ ಈ ನಗರದಲ್ಲಿ ಬೀದಿಗಳಿಗಿಂತ ಸೆಕ್ಟರುಗಳೇ ಪ್ರಸಿದ್ಧ. ಸೆಕ್ಟರ್ 10 ಎಂಬುದು ಕಾಮೋಠೆಯಲ್ಲಿಯೂ ಇದೆ, ಖಾರ್ಘರದಲ್ಲಿಯೂ ಇದೆ, ಕಳಂಬೋಲಿಯಲ್ಲಿಯೂ ನೆರೂಳಿನಲ್ಲಿಯೂ ಇದೆ. ಮಾನಸರೋವರ ನಿಲ್ದಾಣದಲ್ಲಿ ಇಳಿದು ಕಾಮೋಠೆಯೊಳಗೆ ನಿಂತವನಿಗೆ “ಸೆಕ್ಟರ್ 10ಕ್ಕೆ ಬನ್ನಿ” ಎಂದರೆ ಸಾಕು, ಬಂದುಬಿಡುತ್ತಾನೆ. ಅದೇ ಮಾತನ್ನು ಖಾರ್ಘರದಲ್ಲಿ ನಿಂತವನಿಗೆ ಹೇಳಿದರೆ ಅವನು ಖಾರ್ಘರದ ಸೆಕ್ಟರ್ 10ಕ್ಕೆ ಹೋಗಿ, ಆ ಹೆಸರಿನ ಕಟ್ಟಡವೇ ಇಲ್ಲವೆಂದು ಮರಳುತ್ತಾನೆ. ಮಾತು ಸುಳ್ಳಲ್ಲ, ಕೇಳಿದವನು ನಿಂತಿರುವ ಸ್ಥಳ ಬೇರೆ. ಪುಟದೊಳಗೆ “ಪಕ್ಕದ ಫೋಲ್ಡರಿನಲ್ಲಿರುವ ಚಿತ್ರ” ಎಂದು ಬರೆಯುವುದೂ ಇಂಥದೇ. ಪುಟವು ಇದ್ದಲ್ಲೇ ಇರುವ ತನಕ ಅದು ಸರಿ. ಪುಟವನ್ನು ಬೇರೊಂದು ಫೋಲ್ಡರಿಗೆ ಸಾಗಿಸಿದ ದಿನ “ಪಕ್ಕದ” ಎಂಬ ಮಾತಿನ ಅರ್ಥವೇ ಬದಲಾಗುತ್ತದೆ. ನಮ್ಮಲ್ಲಿ ವರ್ಷಾಂತ್ಯದಲ್ಲಿ ಹಳೆಯ ಪುಟಗಳನ್ನೆಲ್ಲ “ಹಿಂದಿನ ಸಂಚಿಕೆಗಳು” ಎಂಬ ಕೋಣೆಗೆ ನೂಕಿ, ಮರುದಿನ ಅವುಗಳಲ್ಲಿ ಒಂದು ಚಿತ್ರವೂ ಇಲ್ಲವೆಂದು ಬೆರಗಾಗುವವರು ಈ ಸಣ್ಣ ಸಂಗತಿಯನ್ನು ಮರೆತಿರುತ್ತಾರೆ.

ನಮ್ಮ ಹುಡುಗನು ಮಾಡಿದ್ದು ಇದಕ್ಕಿಂತಲೂ ಮಿಗಿಲು. ಅವನ 31 ಚಿತ್ರಗಳಲ್ಲಿ 22ರ ವಿಳಾಸವು ಅವನ ಸ್ವಂತ ಲ್ಯಾಪ್‌ಟಾಪಿನ ಸಿ ಡ್ರೈವಿನದಾಗಿತ್ತು! ಕುಂದಾಪುರದ ಅಜ್ಜಿಯ ಫೋನಿಗೆ ಅದು ಹೇಳುತ್ತಿದ್ದುದು “ನನ್ನ ಮನೆಯ ಒಳಕೋಣೆಯ ಕಪಾಟಿನ ಮೇಲಿನ ಹಲಗೆಯಲ್ಲಿದೆ, ತೆಗೆದುಕೊಳ್ಳಿ” ಎಂದು. ಯಾವ ಮನೆ, ಯಾವ ಕಪಾಟು? ಹುಡುಗನು ಪ್ರತಿಸಲವೂ ಪರೀಕ್ಷಿಸಿದ್ದು ಪ್ರಕಟವಾದ ಪುಟವನ್ನಲ್ಲ, ತನ್ನ ಬಳಿಯಿದ್ದ ಮೂಲಪ್ರತಿಯನ್ನು. ಆದುದರಿಂದಲೇ ಅವನಿಗೆ ಅವು ಕಂಡುವು. ಚಿತ್ರಗಳನ್ನು ಸರ್ವರಿಗೆ ಏರಿಸಿ, ವಿಳಾಸಗಳನ್ನು ತಿದ್ದಿದೆವು. 22 ಚಿತ್ರಗಳೂ ಒಮ್ಮೆಗೇ ಬೆಳಗಿದುವು. ಹುಡುಗನ ಮುಖವೂ.

ಉಳಿದುವು ಒಂಬತ್ತು. ಈ ಒಂಬತ್ತರ ವಿಳಾಸಗಳು ನೋಡಲು ಸರಿಯಾಗಿಯೇ ಇದ್ದುವು. ಇಂಥ ಸಂದರ್ಭದಲ್ಲಿ ಮಾಡಬೇಕಾದುದು, ಹರಿದ ಗುರುತಿನ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ ಚಿತ್ರದ ವಿಳಾಸವನ್ನು ನಕಲು ಮಾಡಿಕೊಂಡು, ಅದನ್ನಷ್ಟೇ ಪ್ರತ್ಯೇಕವಾಗಿ ತೆರೆದು ನೋಡುವುದು. ಆಗ ಸರ್ವರು ಕೊಡುವ ಉತ್ತರ ಸಂಖ್ಯೆಯ ರೂಪದಲ್ಲಿ ಕಾಣುತ್ತದೆ. 404 ಎಂದರೆ ಆ ಹೆಸರಿನದು ಇಲ್ಲಿ ಇಲ್ಲ. 403 ಎಂದರೆ ಕೇಳಿದವರಿಗೆ ಕೊಡಲು ಅಪ್ಪಣೆಯಿಲ್ಲ. ವೈದ್ಯರು ನಾಡಿ ಹಿಡಿಯುವ ಹಾಗೆ ಇದು. ನಮಗೆ ಬಂದುದು 404. ಕಡತ ಕಣ್ಣೆದುರೇ ಇದೆ, ಸರ್ವರು ಇಲ್ಲವೆನ್ನುತ್ತಿದೆ! ಆರು ಚಿತ್ರಗಳ ವಿಷಯದಲ್ಲಿ ಕಾರಣವು ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವೆಂದು ತಿಳಿಯಿತು. ಕ್ಯಾಮೆರಾ ತಾನು ತೆಗೆದ ಚಿತ್ರದ ಹೆಸರಿನ ಬಾಲದಲ್ಲಿ ‘ಜೆಪಿಜಿ’ ಎಂಬ ಮೂರು ಅಕ್ಷರಗಳನ್ನು ದೊಡ್ಡಕ್ಷರದಲ್ಲಿ ಬರೆದಿತ್ತು. ಹುಡುಗನು ಪುಟದಲ್ಲಿ ಚಿಕ್ಕಕ್ಷರದಲ್ಲಿ ಬರೆದಿದ್ದನು. ಅವನ ಮನೆಯ ವಿಂಡೋಸ್ ಯಂತ್ರಕ್ಕೆ ಎರಡೂ ಒಂದೇ. ಆದರೆ ಅಂತರಜಾಲದ ಸರ್ವರುಗಳಲ್ಲಿ ಬಹುಪಾಲು ಲಿನಕ್ಸ್ ಪದ್ಧತಿಯವು. ಅವಕ್ಕೆ ಎರಡೂ ಬೇರೆ ಬೇರೆ. ದೊಡ್ಡದು ಚಿಕ್ಕದೆಂಬ ಭೇದವೇ ಇಲ್ಲದ ವರ್ಣಮಾಲೆಯಲ್ಲಿ ಬೆಳೆದ ನಮ್ಮ ಮಕ್ಕಳ ಕಣ್ಣಿಗೆ ಈ ತಪ್ಪು ಬೀಳದಿದ್ದುದರಲ್ಲಿ ಆಶ್ಚರ್ಯವೇನಿಲ್ಲ.

ಉಳಿದ ಮೂರರಲ್ಲಿ ಒಂದು ಅಬ್ಬಕ್ಕನ ಚಿತ್ರ. ಅಜ್ಜಿ ಕಾದಿದ್ದುದು ಅದಕ್ಕೇ. ಅದರ ಕಥೆಯೇ ಬಲು ಸೊಗಸು.

ತಾಲೀಮು ನಡೆದುದು ಕಾಮೋಠೆಯಲ್ಲಿ. ಚಿತ್ರ ತೆಗೆದ ಗೆಳೆಯನು ಅಭಿಮಾನದಿಂದ ಕಡತಕ್ಕೆ ‘ಕಾಮೋಠೆ’ ಎಂದು ಕನ್ನಡದಲ್ಲಿಯೇ ಹೆಸರಿಟ್ಟಿದ್ದನು. ಪುಟದಲ್ಲಿಯೂ ‘ಕಾಮೋಠೆ’ ಎಂದೇ ಬರೆದಿತ್ತು. ಕನ್ನಡಕವನ್ನು ಒರೆಸಿಕೊಂಡು ಹತ್ತು ಸಲ ನೋಡಿದೆ. ಕಾ, ಮೋ, ಠೆ. ಎರಡು ಕಡೆಯೂ ಒಂದೇ. ಸರ್ವರಿನ ಉತ್ತರ ಮಾತ್ರ 404.

ಯಂತ್ರವು ಅಕ್ಷರಗಳನ್ನು ನಮ್ಮಂತೆ ಆಕಾರದಿಂದ ಗುರುತಿಸುವುದಿಲ್ಲ, ಸಂಖ್ಯೆಗಳಿಂದ ಗುರುತಿಸುತ್ತದೆ. ಲೋಕದ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಹಂಚಿರುವ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಕನ್ನಡದ ವ್ಯಂಜನಕ್ಕೊಂದು, ಪ್ರತಿ ಸ್ವರಚಿಹ್ನೆಗೊಂದು ಸಂಖ್ಯೆಯಿದೆ. ‘ಮೋ’ ಎಂಬಲ್ಲಿಯ ಓತ್ವವನ್ನು ಎರಡು ಬಗೆಯಲ್ಲಿ ಬರೆಯಬಹುದು. ಒಂದು ಬಗೆಯಲ್ಲಿ ಇಡೀ ಓತ್ವಕ್ಕೆ ಒಂದೇ ಸಂಖ್ಯೆ. ಇನ್ನೊಂದು ಬಗೆಯಲ್ಲಿ ಅದನ್ನು ಎತ್ವ, ಊತ್ವದ ಕೊಂಬು, ದೀರ್ಘ ಎಂದು ಮೂರು ತುಂಡು ಮಾಡಿ ಮೂರು ಸಂಖ್ಯೆಗಳು. ಬಾಲ್ಯದಲ್ಲಿ ನೀವು ಬಳಪ ಹಿಡಿದು ಕಾಗುಣಿತವನ್ನು ತಿದ್ದಿದ ರೀತಿಯನ್ನು ನೆನೆದರೆ ಎರಡನೆಯದೂ ನ್ಯಾಯವಾದುದೇ. ಪರದೆಯ ಮೇಲೆ ಮೂಡುವ ರೂಪ ಎರಡರಲ್ಲಿಯೂ ಒಂದೇ. ಆದರೆ ಮೊದಲ ಬಗೆಯಲ್ಲಿ ‘ಕಾಮೋಠೆ’ ಎಂಬುದು 6 ಸಂಕೇತಗಳ, 18 ಬೈಟುಗಳ ಹೆಸರು. ಎರಡನೆಯ ಬಗೆಯಲ್ಲಿ 8 ಸಂಕೇತಗಳ, 24 ಬೈಟುಗಳ ಹೆಸರು. ಆಪಲ್ ಕಂಪನಿಯ ಹಳೆಯ ಮ್ಯಾಕ್ ಯಂತ್ರಗಳು ಕಡತದ ಹೆಸರುಗಳನ್ನು ಎರಡನೆಯ ಬಗೆಯಲ್ಲಿ ಬಿಡಿಸಿ ಇಡುತ್ತಿದ್ದುವು. ಗೆಳೆಯನ ಮನೆಯಲ್ಲಿ ಅಂಥದೊಂದು ಹಳೆಯ ಯಂತ್ರವಿತ್ತು. ಪುಟದಲ್ಲಿ ಹುಡುಗನು ಬೆರಳಚ್ಚು ಮಾಡಿದ್ದು ಮೊದಲನೆಯ ಬಗೆ. ಸರ್ವರಿನ ದೃಷ್ಟಿಯಲ್ಲಿ ಅವು ಎರಡು ಬೇರೆ ಊರುಗಳು. ಕಾಮೋಠೆಗೆ ಹೋದವನಿಗೆ ಕಾಮೋಠೆ ಸಿಗಲಿಲ್ಲ!

ಹೆಸರನ್ನು ಬದಲಿಸಿ, ಇಂಗ್ಲಿಷಿನ ಚಿಕ್ಕಕ್ಷರಗಳಲ್ಲಿ ‘ಅಬ್ಬಕ್ಕ-01’ ಎಂದು ಬರೆದೆವು. ಅಬ್ಬಕ್ಕನು ಕತ್ತಿ ಹಿಡಿದು ಪರದೆಯ ಮೇಲೆ ಬಂದು ನಿಂತಳು.

ಇಲ್ಲಿ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ, ಕೆಲವರಿಗೆ ರುಚಿಸಲಾರದು. ಚಿತ್ರದ ಕಡತಗಳಿಗೆ ಕನ್ನಡದಲ್ಲಿ ಹೆಸರಿಡುವುದು ಸದ್ಯಕ್ಕೆ ಬೇಡ. ಕನ್ನಡದಲ್ಲಿ ಇಟ್ಟರೆ ಎಂದೂ ಕಾಣದೆಂದು ಇದರ ಅರ್ಥವಲ್ಲ. ಜಾಗರೂಕತೆಯಿಂದ ಇಟ್ಟರೆ ಕಾಣುತ್ತದೆ. ಆದರೆ ಓತ್ವದ ಎರಡು ರೂಪಗಳಿರುವಂತೆಯೇ, ಒತ್ತಕ್ಷರವಾಗದಂತೆ ತಡೆಯಲು ನಾವು ಹಾಕುವ ಕಣ್ಣಿಗೆ ಕಾಣದ ಚಿಹ್ನೆಗಳೂ ಇವೆ. ಕನ್ನಡದ ಒಂದು, ಇಂಗ್ಲಿಷಿನ ಒಂದು ಎಂಬ ಬೇರೆ ಬೇರೆ ಅಂಕಿಗಳೂ ಇವೆ. ಹಲವರ ಕೈ, ಹಲವು ಯಂತ್ರಗಳನ್ನು ದಾಟಿ ಬರುವ ಶಾಲೆಯ ಕೆಲಸದಲ್ಲಿ ಇಷ್ಟನ್ನು ಕಾಯುವವರು ಯಾರು? ಇದನ್ನು ಕೇಳಿ ನನ್ನ ಗೆಳೆಯರೊಬ್ಬರು ಸಿಟ್ಟಾದರು. “ಕನ್ನಡ ಶಾಲೆಯ ಪುಟದಲ್ಲಿ ಕನ್ನಡದ ಹೆಸರಿಗೆ ಎಡೆಯಿಲ್ಲವೇನಯ್ಯಾ?” ಎಂದರು. ಇದೆ, ಮುಂದೆ ಹೇಳುತ್ತೇನೆ. ಕಡತದ ಹೆಸರು ಗೋಣಿಚೀಲದ ಮೇಲೆ ಹಮಾಲನು ಹಾಕುವ ಗುರುತಿನಂತೆ. ಓದುಗನು ಅದನ್ನು ನೋಡುವುದೂ ಇಲ್ಲ. ಕನ್ನಡದ ಮಾನವನ್ನು ಅಲ್ಲಿ ತೂಗಿಹಾಕುವುದರಿಂದ ಕನ್ನಡಕ್ಕೆ ಬಂದ ಲಾಭವಿಲ್ಲ, ಅಜ್ಜಿಗೆ ಮೊಮ್ಮಗಳ ಮುಖವೂ ಇಲ್ಲ.

ಮತ್ತೊಂದು ಚಿತ್ರದ ರೋಗವನ್ನು ಕಂಡುಹಿಡಿಯಲು ಐದು ನಿಮಿಷವೂ ಆಗಲಿಲ್ಲ. ಅದು ಐಫೋನಿನಲ್ಲಿ ತೆಗೆದುದು. 2017ರಿಂದ ಆ ಫೋನುಗಳು ಚಿತ್ರವನ್ನು ಎಚ್‌ಇಐಸಿ ಎಂಬ ಹೊಸ ಬಗೆಯಲ್ಲಿ ಇಡುತ್ತವೆ; ಬಹುತೇಕ ಬ್ರೌಸರುಗಳಿಗೆ ಅದು ಅರ್ಥವಾಗದು. ಬರಿದೆ ಹೆಸರಿನ ಬಾಲವನ್ನು ತಿದ್ದಿದರೆ ಸಾಲದು, ಚಿತ್ರವನ್ನೇ ಜೆಪಿಜಿಗೆ ಪರಿವರ್ತಿಸಬೇಕು. ಸುರಕ್ಷಿತ ಪುಟದೊಳಗೆ ಅಸುರಕ್ಷಿತ ವಿಳಾಸದ ಚಿತ್ರವನ್ನು ಈಗಿನ ಬ್ರೌಸರುಗಳು ಒಳಗೆ ಬಿಡದಿರುವುದೂ ಉಂಟು. ತಿದ್ದಿದ ಮೇಲೂ ಹಳೆಯದೇ ಕಾಣುತ್ತಿದ್ದರೆ ನಿಮ್ಮ ಬ್ರೌಸರ್ ಹಿಂದೆ ತಂದಿಟ್ಟುಕೊಂಡ ಪ್ರತಿಯನ್ನೇ ತೋರಿಸುತ್ತಿದೆಯೆಂದು ತಿಳಿಯಿರಿ. ಆದುದರಿಂದ ಎಂದೂ ಆ ಪುಟವನ್ನು ತೆರೆಯದ ಇನ್ನೊಬ್ಬರ ಫೋನಿನಲ್ಲಿ ನೋಡಿದ ಹೊರತು “ಸರಿಯಾಯಿತು” ಎಂದು ಹೇಳಬಾರದು.

ಉಳಿದುದು ಒಂದೇ ಒಂದು. ಅದು ವಾರ್ಷಿಕೋತ್ಸವದ ಚಿತ್ರವಲ್ಲ. ಮುಂಬಯಿಯ ಕನ್ನಡ ರಾತ್ರಿಶಾಲೆಯೊಂದರ ಹಳೆಯ ಸಾಮೂಹಿಕ ಭಾವಚಿತ್ರ. ಹಗಲೆಲ್ಲ ಹೋಟೆಲುಗಳಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಹಲಗೆ ಹಿಡಿದು ಕುಳಿತು ಕಲಿತ ಹುಡುಗರ ಮೇಲೆಯೇ ಈ ಮಹಾನಗರದಲ್ಲಿ ಕನ್ನಡ ಶಿಕ್ಷಣದ ಬಹುಭಾಗ ನಿಂತಿತ್ತೆಂಬುದು ನಿಮಗೆ ತಿಳಿದಿರಬಹುದು. ಅವರಲ್ಲಿ ಒಬ್ಬರ ಮಗನು ಆ ಚಿತ್ರವನ್ನು ಸ್ಕ್ಯಾನ್ ಮಾಡಿಸಿ, ಹಣ ಕೇಳದ ಚಿತ್ರಭಂಡಾರವೊಂದರಲ್ಲಿ ಇಟ್ಟಿದ್ದರಂತೆ. ನಮ್ಮ ಹುಡುಗನು ಅದನ್ನು ಅಲ್ಲಿಂದಲೇ ತೋರಿಸುವಂತೆ ವಿಳಾಸವನ್ನು ಕೊಟ್ಟಿದ್ದನು. ವಿಳಾಸದಲ್ಲಿ ತಪ್ಪಿಲ್ಲ, ಅಕ್ಷರದಲ್ಲಿ ತಪ್ಪಿಲ್ಲ. ಆ ಭಂಡಾರವೇ ಬಾಗಿಲು ಮುಚ್ಚಿತ್ತು. ಸ್ಕ್ಯಾನ್ ಮಾಡಿಸಿದ ಮಹನೀಯರು ತೀರಿಕೊಂಡಿದ್ದಾರೆ. ಮನೆ ಬದಲಿಸುವಾಗ ಮೂಲಚಿತ್ರ ಎಲ್ಲಿ ಹೋಯಿತೋ ಮನೆಯವರಿಗೆ ತಿಳಿಯದು.

ಇದು ನಮ್ಮೊಬ್ಬರ ದುರ್ದೈವವಲ್ಲ. ಲಕ್ಷಾಂತರ ಜನ ತಮ್ಮ ಸ್ವಂತ ಪುಟಗಳನ್ನು ಕಟ್ಟಿಕೊಂಡಿದ್ದ ಜಿಯೊಸಿಟೀಸ್ ಎಂಬ ನೆಲೆಯನ್ನು ಯಾಹೂ ಕಂಪನಿ 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಫೋಟೊಬಕೆಟ್ ಎಂಬ ಚಿತ್ರಭಂಡಾರವು 2017ರಲ್ಲಿ ತನ್ನ ನಿಯಮಗಳನ್ನು ಬದಲಿಸಿ, ತನ್ನಲ್ಲಿಟ್ಟ ಚಿತ್ರವನ್ನು ಬೇರೆ ಪುಟದಲ್ಲಿ ತೋರಿಸಬೇಕಾದರೆ ವರ್ಷಕ್ಕೆ ಸುಮಾರು 400 ಡಾಲರು ಕೊಡಬೇಕೆಂದಿತು. ಒಂದೇ ವಾರದಲ್ಲಿ ಲೋಕದ ನಾನಾ ಕಡೆಯ ಪುಟಗಳಲ್ಲಿ ಚಿತ್ರಗಳು ಹೋಗಿ, ಅವುಗಳ ಎಡೆಯಲ್ಲಿ ಹಣ ಕೇಳುವ ಫಲಕಗಳು ಬಂದು ನಿಂತುವು. ಆ ಕಂಪನಿಗಳನ್ನು ನಾನು ದೂಷಿಸುವುದಿಲ್ಲ. ಅವರದು ವ್ಯಾಪಾರ. ನಮ್ಮ ಮನೆಯ ಪೆಟ್ಟಿಗೆಯನ್ನು ಅಂಗಡಿಯ ಜಗಲಿಯ ಮೇಲಿಟ್ಟು, ಅಂಗಡಿಯವನು ಕದ ಹಾಕಿಕೊಂಡನೆಂದು ಗೋಳಾಡುವುದು ಯಾವ ನ್ಯಾಯ? ಇಂದು ನಮ್ಮ ಶಾಲೆಗಳ, ಸಂಘಗಳ ಚಿತ್ರಗಳೆಲ್ಲ ವಾಟ್ಸಾಪಿನ ಗುಂಪುಗಳಲ್ಲಿಯೂ ಫೇಸ್‌ಬುಕ್ಕಿನಲ್ಲಿಯೂ ಮಾತ್ರ ಇವೆ. ಹಂಚಿಕೊಳ್ಳಲು ಅವು ಉತ್ತಮ ಸಾಧನಗಳೇ. ಕಾಪಾಡಲು ಅಲ್ಲ. ಮುಂಬಯಿಯಲ್ಲಿ ಕನ್ನಡ ಮಾಧ್ಯಮದ ತರಗತಿಗಳು ವರ್ಷ ವರ್ಷವೂ ಕಡಿಮೆಯಾಗುತ್ತಿರುವ ಕಾಲವಿದು. ಒಂದು ಶಾಲೆ ಮುಚ್ಚಿದ ಮೇಲೆ ಅಲ್ಲಿ ಇಂಥವರು ಕಲಿತರೆಂಬುದಕ್ಕೆ ಕೆಲವೊಮ್ಮೆ ಒಂದು ಸಾಮೂಹಿಕ ಭಾವಚಿತ್ರವನ್ನು ಬಿಟ್ಟು ಬೇರೆ ಕುರುಹು ಉಳಿದಿರುವುದಿಲ್ಲ. ಅದನ್ನೂ ಪರರ ಜಗಲಿಯಲ್ಲಿ ಬಿಟ್ಟು ಬರುವುದೇ?

ಈಗ ಗೆಳೆಯರಿಗೆ ಕೊಟ್ಟ ಮಾತು. ಚಿತ್ರವನ್ನು ತೋರಿಸುವ ಆ ಆಜ್ಞೆಯಲ್ಲಿ ವಿಳಾಸದ ಜೊತೆಗೆ ಇನ್ನೊಂದಕ್ಕೂ ಸ್ಥಳವಿದೆ: ಚಿತ್ರವು ಕಾಣದಿದ್ದಾಗ ಅದರ ಬದಲಿಗೆ ತೋರಿಸತಕ್ಕ ಮಾತು. 1995ರ ನಿಯಮಾವಳಿಯಲ್ಲಿಯೇ ಇದು ಇದ್ದಿತು. ನಮ್ಮವರಲ್ಲಿ ಹೆಚ್ಚಿನವರು ಇದನ್ನು ಖಾಲಿ ಬಿಡುತ್ತಾರೆ, ಇಲ್ಲವೆ ‘ಫೋಟೋ’ ಎಂದು ಗೀಚುತ್ತಾರೆ. ಭಾವಚಿತ್ರವನ್ನು ನೋಡುವವನಿಗೆ ಅದು ಫೋಟೋ ಎಂದು ತಿಳಿಯದೆ? ಇಲ್ಲಿ ಬರಬೇಕು ಕನ್ನಡ, ಸಂಪೂರ್ಣವಾದ, ಸುಂದರವಾದ ಕನ್ನಡ: ಯಾರು, ಎಲ್ಲಿ, ಯಾವ ವರ್ಷ, ಏನು ಮಾಡುತ್ತಿದ್ದಾರೆ. ಅಜ್ಜಿ ಆ ದಿನ “ಅಬ್ಬಕ್ಕನ ಹೆಸರು ಉಂಟು” ಎಂದು ಹೇಳಲು ಸಾಧ್ಯವಾದುದು ಆ ಒಂದು ಚಿತ್ರಕ್ಕೆ ಹುಡುಗನು ಈ ಮಾತನ್ನು ಬರೆದಿದ್ದುದರಿಂದ. ದೃಷ್ಟಿಯಿಲ್ಲದವರಿಗೆ ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳು ಈಗ ಕನ್ನಡವನ್ನೂ ಓದುತ್ತವೆ. ಚಿತ್ರ ಬಂದಲ್ಲಿ ಅವು ಓದುವುದು ಈ ಮಾತನ್ನೇ. ಅಂಥವರ ಪಾಲಿಗೆ ನಾವು ಖಾಲಿ ಬಿಟ್ಟ ಪ್ರತಿಯೊಂದು ಚಿತ್ರವೂ, ಸರ್ವರು ಎಷ್ಟೇ ಸರಿಯಾಗಿದ್ದರೂ, ಕಾಣದ ಚಿತ್ರವೇ ಸರಿ.

ಇನ್ನು ಶಾಲೆಗಳವರಿಗೆ ಎರಡು ಮಾತು. ಇಂಥ ಪುಟಗಳ ಕೆಲಸವನ್ನು ಹಣ ಕೊಟ್ಟು ಹೊರಗಿನವರಿಗೆ ಒಪ್ಪಿಸಬೇಕೆಂದೂ, ಮಕ್ಕಳ ಕೈಗೆ ಕೊಟ್ಟದ್ದರಿಂದಲೇ ಕೆಟ್ಟಿತೆಂದೂ ವಾದಿಸುವವರ ಪಕ್ಷ ನನ್ನದಲ್ಲ. ಹೊರಗಿನವನಿಗೆ ಎರಡನೆಯ ಸಾಲಿನಲ್ಲಿ ನಿಂತವನು ಯಾರೆಂದು ತಿಳಿಯದು. ತಿಳಿಯುವ ಅಗತ್ಯವೂ ಅವನಿಗಿಲ್ಲ. ಹುಡುಗನು ತಪ್ಪಿದನು, ನಿಜ. ಆದರೆ ಎರಡು ದಿನ ನನ್ನೊಡನೆ ಕುಳಿತು 30 ಚಿತ್ರಗಳನ್ನು ತಾನೇ ಬೆಳಕಿಗೆ ತಂದನು. ಈಗ ಅವನಿಗೆ ಗೊತ್ತಿರುವಷ್ಟು ಈ ವಿಷಯದಲ್ಲಿ ಅವನ ಉಪಾಧ್ಯಾಯರಿಗೂ ಗೊತ್ತಿಲ್ಲ. ಪ್ರತಿ ಕನ್ನಡ ಶಾಲೆಯಲ್ಲಿಯೂ ನಾಲ್ಕೈದು ವಿದ್ಯಾರ್ಥಿಗಳ ಚಿತ್ರಪಾಲಕ ಮಂಡಲಿಯೊಂದಿರಲಿ. ಗ್ರಂಥಾಲಯದಲ್ಲಿ ಪುಸ್ತಕಗಳ ದಾಖಲೆಪುಸ್ತಕವಿರುವಂತೆ ಚಿತ್ರಗಳಿಗೂ ಒಂದಿರಲಿ, ಕಾಗದದ್ದೇ ಆಗಲಿ: ಕಡತದ ಹೆಸರು ಇಂಗ್ಲಿಷಿನಲ್ಲಿ, ಎದುರಿಗೆ ಚಿತ್ರದಲ್ಲಿರುವವರ ಹೆಸರುಗಳು ಕನ್ನಡದಲ್ಲಿ. ಮೂಲಪ್ರತಿ ಶಾಲೆಯಲ್ಲೊಂದು, ಶಾಲೆಯ ಹೊರಗೆ ಇನ್ನೊಂದು. ತಿಂಗಳಿಗೊಮ್ಮೆ ಯಾರಾದರೂ ಒಬ್ಬರು ಪುಟಗಳನ್ನೆಲ್ಲ ಹೊಸ ಫೋನಿನಲ್ಲಿ ತೆರೆದು ಹರಿದ ಕಾಗದದ ಗುರುತು ಎಲ್ಲಿಯಾದರೂ ಇದೆಯೇ ಎಂದು ನೋಡಲಿ. ಪರೀಕ್ಷೆಯ ಓದಿಗೆ ಅಡ್ಡಿಯಾಗುವುದೆಂದು ತಂದೆತಾಯಿಗಳು ಹೇಳಬಹುದು. ತಿಂಗಳಿಗೆ ಒಂದು ಗಂಟೆ. ಕ್ರಿಕೆಟ್ಟಿನ ಎಷ್ಟು ಓವರುಗಳೋ ನೀವೇ ಲೆಕ್ಕ ಹಾಕಿ.

ಅಜ್ಜಿಗೆ ಮತ್ತೆ ಫೋನು ಮಾಡಿದೆವು. ಹುಡುಗಿಯ ತಾಯಿ “ಈಗ ನೋಡಿ ಅತ್ತೆ” ಎಂದರು. ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದಿಲ್ಲ. ಬಳಿಕ “ಕಣ್ಣು ಸರಿ ಉಂಟು ಹಾಗಾದರೆ” ಎಂಬ ಮಾತು ಕೇಳಿಸಿತು.

ರಾತ್ರಿಶಾಲೆಯ ಆ ಒಂದು ಚಿತ್ರದ ಎಡೆ ಇಂದಿಗೂ ಖಾಲಿಯೇ ಇದೆ. ಅದನ್ನು ಹಿಂದೆ ಕಂಡಿದ್ದ ಒಬ್ಬಿಬ್ಬರನ್ನು ವಿಚಾರಿಸಿ, ಕನ್ನಡದಲ್ಲಿ ನಾಲ್ಕು ಸಾಲುಗಳ ವಿವರಣೆಯನ್ನು ಅಲ್ಲಿ ಬರೆದಿದ್ದೇವೆ: ಮೂರು ಸಾಲಾಗಿ ನಿಂತ ಹುಡುಗರು, ನಡುವೆ ಕುರ್ಚಿಯ ಮೇಲೆ ಕರಿಯ ಟೋಪಿಯ ಮಾಸ್ತರರು, ಮುಂದೆ ನೆಲದ ಮೇಲೆ ಒರಗಿಸಿಟ್ಟ ಸ್ಲೇಟು. ನಿಮ್ಮ ಅಜ್ಜನೋ ದೊಡ್ಡಪ್ಪನೋ ಆ ಕಾಲದಲ್ಲಿ ಮುಂಬಯಿಯ ರಾತ್ರಿಶಾಲೆಯಲ್ಲಿ ಕಲಿತವರಾಗಿದ್ದರೆ, ಮನೆಯ ಹಳೆಯ ಟ್ರಂಕಿನ ತಳವನ್ನು ಒಮ್ಮೆ ನೋಡಿ. ಇಂಥ ಭಾವಚಿತ್ರವೊಂದು ಸಿಕ್ಕಿದರೆ ಸಂಪಾದಕ ಮಂಡಲಿಯ ಹುಡುಗರ ಕೈಗೆ ಕೊಡಿ. ಸ್ಕ್ಯಾನ್ ಮಾಡಿಕೊಂಡು ಅದೇ ದಿನ ಮರಳಿಸುತ್ತಾರೆ. ಹಿಂಬದಿಯಲ್ಲಿ ಪೆನ್ಸಿಲಿನಿಂದ ಏನಾದರೂ ಹೆಸರುಗಳನ್ನು ಬರೆದಿದ್ದರೆ ಅದನ್ನು ಅಳಿಸಬೇಡಿ.